ಚಳಿಗಾಲದ ಲಾಯದಲ್ಲಿ ಏಳು ದಿನ

ಮಾರ್ಗಶಿರ ಕಳೆದು ಪುಷ್ಯಮಾಸ ಕಾಲಿಡುವ ದಿನಗಳಲ್ಲಿ ಹಲಸೂರು ಕೆರೆಯ ಮೇಲಿನ ಮಂಜು ಹೊತ್ತು ಮೂಡಿದ ಮೇಲೂ ಬೇಗನೆ ಕದಲುವುದಿಲ್ಲ. ಇಂದಿರಾನಗರದ ಮನೆಗಳಲ್ಲಿ ಕಾಫಿಯ ಡಿಕಾಕ್ಷನ್ ಇಳಿಯುವುದಕ್ಕೆ ಮುಂಚೆಯೇ ಕುದುರೆಯ ಲಾಯದಲ್ಲಿ ದೀಪ ಹತ್ತಿರುತ್ತದೆ. ಬೆಂಗಳೂರಿನ ಚಳಿ ಬಡಾಯಿಯ ಚಳಿಯಲ್ಲ. ೧೮೮೪ನೆಯ ಜನವರಿ ೧೩ರಂದು ಉಷ್ಣಮಾನ ೭.೮ ಡಿಗ್ರಿಗೆ ಇಳಿದದ್ದೇ ಈ ಊರಿನ ದಾಖಲೆ. ಸಾಮಾನ್ಯ ವರ್ಷಗಳಲ್ಲಿ ಬೆಳಗಿನ ಜಾವದ ಉಷ್ಣಮಾನ ೧೫ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮನುಷ್ಯನಿಗೆ ಶಾಲು ಬೇಕೆನಿಸುವ ಈ ಹವೆ ಕುದುರೆಗೆ ಬಲು ಹಿತ. ಮಳೆ ನಿಂತಿರುತ್ತದೆ, ಆದರೆ ನೆಲ ಇನ್ನೂ ಬೇಸಗೆಯ ಕಲ್ಲಾಗಿರುವುದಿಲ್ಲ. ಅಶ್ವಶಿಕ್ಷಣಕ್ಕೆ ಇದೇ ಸುಗ್ಗಿ.

ಬ್ರಿಟಿಷರು ೧೮೦೯ರಲ್ಲಿ ಕಟ್ಟಿದ ದಂಡು ಪ್ರದೇಶದಲ್ಲಿ ಕುದುರೆಯ ಹೆಜ್ಜೆಗುರುತು ಈಗ ಬಹುಮಟ್ಟಿಗೆ ಅಳಿಸಿಹೋಗಿದೆ. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು. ಶಿವಾಜಿನಗರದ ಜಟಕಾಗಳ ಸ್ಥಾನವನ್ನು ಆಟೋರಿಕ್ಷಾಗಳು ಆಕ್ರಮಿಸಿದವು. ಆದರೂ ಕುದುರೆಯನ್ನು ಕಲಿಸುವ, ಕುದುರೆಯಿಂದ ಕಲಿಯುವ ವಿದ್ಯೆ ಮಾತ್ರ ನಶಿಸಿಲ್ಲ. ದಂಡಿನ ಪೂರ್ವದಂಚಿನಲ್ಲಿ, ಕೃಷ್ಣರಾಜಪುರದ ದಿಕ್ಕಿಗೆ, ಅಂಥದೊಂದು ಲಾಯವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಲ್ಲಿ ನಾಲ್ಕು ಕುದುರೆಗಳು: ಬೂದುಬಣ್ಣದ ಎಳೆಯ ಗಂಡು, ರೇಸಿನಿಂದ ನಿವೃತ್ತವಾದ ಕಂದು ಕುದುರೆ, ನೆಗೆತದಲ್ಲಿ ಪಳಗಿದ ಕೆಂಬಣ್ಣದ ಹೆಣ್ಣುಕುದುರೆ, ಮಕ್ಕಳಿಗೆ ಪಾಠ ಹೇಳುವ ಬಿಳಿಯ ಮುದಿ ಕುದುರೆ. ನಾಲ್ಕನ್ನೂ ಸರದಿಯಂತೆ ಏರುವವಳು ಕಾಲೇಜು ಮುಗಿಸಿದ ಒಬ್ಬ ತರುಣಿ. ಅವುಗಳನ್ನು ನೋಡಿಕೊಳ್ಳುವವನು ಶಿವಾಜಿನಗರದ ಒಬ್ಬ ವಯಸ್ಸಾದ ಸೈಸ್. ಬರುವ ಭಾನುವಾರ ನೆಗೆತದ ಸ್ಪರ್ಧೆ. ಕೆಂಬಣ್ಣದ ಕುದುರೆಯ ಮೇಲೆ ಅವಳು ಆರು ತಿಂಗಳಿಂದ ಆಸೆಯಿಟ್ಟಿದ್ದಾಳೆ.

ಸೋಮವಾರ ಲಾಯಕ್ಕೆ ರಜೆ. ಅಂದು ಯಾರ ಬೆನ್ನ ಮೇಲೂ ಜೀನು ಏರುವುದಿಲ್ಲ. ಆದರೆ ಅಂದು ಹುರುಳಿಯ ಅಳತೆಯೂ ತಗ್ಗುತ್ತದೆ. ಹಿಂದೆ ಇಂಗ್ಲೆಂಡಿನಲ್ಲಿ ಗಾಡಿ ಎಳೆಯುವ ಕುದುರೆಗಳು ಭಾನುವಾರ ಸುಮ್ಮನೆ ನಿಂತು ತುಂಬು ದಾಣಿ ತಿಂದು, ಮರುದಿನ ನೊಗ ಕಟ್ಟಿದೊಡನೆ ತೊಡೆಯ ಮಾಂಸಖಂಡಗಳು ಬಿಗಿದು ಹೆಜ್ಜೆ ಎತ್ತಲಾರದೆ ನಿಂತುಬಿಡುತ್ತಿದ್ದವು. ಅದಕ್ಕೆ 'ಸೋಮವಾರ ಬೆಳಗಿನ ರೋಗ' ಎಂದೇ ಹೆಸರು ಬಿದ್ದಿತು. ವಿಶ್ರಾಂತಿಗೂ ಪಥ್ಯವುಂಟೆಂಬುದು ಲಾಯದ ಮೊದಲ ಪಾಠ. ತರುಣಿ ಅಂದು ಮೈ ಉಜ್ಜುತ್ತಾಳೆ, ಗೊರಸು ಕೆರೆಯುತ್ತಾಳೆ, ಲದ್ದಿ ಬಾಚುತ್ತಾಳೆ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಈ ಅಂಗಳಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮಂಗಳವಾರ ಬೂದು ಮರಿಯ ಸರದಿ. ಭಾರತದಲ್ಲಿ ಥರೋಬ್ರೆಡ್ ತಳಿಯ ಕುದುರೆಗಳೆಲ್ಲಕ್ಕೂ ಜನವರಿ ೧ರಂದೇ ಒಂದು ವರ್ಷ ವಯಸ್ಸು ಹೆಚ್ಚುತ್ತದೆ. ಅವು ಹುಟ್ಟಿದ ತಿಂಗಳು ಯಾವುದಾದರೂ ಆಗಲಿ, ಲೆಕ್ಕ ಅದೇ. ಆದರೆ ಎಲುಬು ಪಂಚಾಂಗ ನೋಡಿ ಬೆಳೆಯುವುದಿಲ್ಲ. ಮುಂಗಾಲಿನ ಮೊಣಕಾಲಿನ ಮೇಲ್ಭಾಗದ ಎಲುಬು ಬಲಿಯುವುದಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ಬೆನ್ನೆಲುಬು ಪೂರ್ತಿ ಬಲಿಯುವುದಕ್ಕೆ ಐದಾರು ವರ್ಷ ಹಿಡಿಯುತ್ತದೆ. ಆದ್ದರಿಂದ ಮರಿಯ ಪಾಠ ಇಪ್ಪತ್ತು ನಿಮಿಷ ಮೀರುವುದಿಲ್ಲ. ಉದ್ದನೆಯ ಹಗ್ಗದ ತುದಿಯಲ್ಲಿ ಸುತ್ತು ನಡೆ, ಸುತ್ತು ಕುಕ್ಕುಲೋಟ, ನಿಲ್ಲು ಎಂದಾಗ ನಿಲುಗಡೆ, ಇಷ್ಟೇ. ಹಗ್ಗ ಎಳೆದಾಗ ಕುದುರೆ ಕಲಿಯುತ್ತದೆಂದು ನೋಡುವವರು ತಿಳಿಯುತ್ತಾರೆ. ಅದು ಕಲಿಯುವುದು ಹಗ್ಗ ಸಡಿಲವಾದಾಗ. ತಾನು ಮಾಡಿದ್ದು ಸರಿಯೆಂದು ಅದಕ್ಕೆ ತಿಳಿಯುವುದು ಆ ಒಂದು ಕ್ಷಣದ ಬಿಡುಗಡೆಯಿಂದ. ಬಿಗಿಯುವುದು ಯಾರಿಗಾದರೂ ಬರುತ್ತದೆ. ಸರಿಯಾದ ಹೊತ್ತಿಗೆ ಬಿಡುವುದಕ್ಕೆ ವರ್ಷಗಳ ಅಭ್ಯಾಸ ಬೇಕು.

ಬುಧವಾರದ ಕಂದು ಕುದುರೆಯ ಕಷ್ಟ ಬೇರೆ. ಎಳೆಯದಕ್ಕೆ ಕಲಿಸಬೇಕಾದರೆ ಇದಕ್ಕೆ ಮರೆಸಬೇಕು. ರೇಸಿನಲ್ಲಿ ಜಾಕಿ ಗಿಡ್ಡ ರಿಕಾಪಿನ ಮೇಲೆ ಬೆನ್ನಿನಿಂದ ಎದ್ದೇ ಇರುತ್ತಾನೆ. ಲಗಾಮು ಬಿಗಿಯಾದಷ್ಟೂ ಕಡಿವಾಣಕ್ಕೆ ಒರಗಿ ಮುನ್ನುಗ್ಗುವುದೇ ಅಲ್ಲಿ ವಾಡಿಕೆ. ಅಂಥ ಕುದುರೆಯನ್ನು ಹೊಸಬನೊಬ್ಬ ಹೆದರಿ ಬಿಗಿಹಿಡಿದನೆಂದರೆ, ಅದು ವೇಗದ ಅಪ್ಪಣೆಯೆಂದೇ ಅರ್ಥ ಮಾಡಿಕೊಂಡು ನಾಗಾಲೋಟ ಹೂಡುತ್ತದೆ. ಜನ ಅದಕ್ಕೆ ಹುಚ್ಚು ಕುದುರೆಯೆಂದು ಹೆಸರಿಡುತ್ತಾರೆ. ವಾಸ್ತವದಲ್ಲಿ ಅದು ಅತ್ಯಂತ ವಿಧೇಯವಾಗಿ ಹಳೆಯ ಪಾಠವನ್ನು ಒಪ್ಪಿಸುತ್ತಿರುತ್ತದೆ! ತರುಣಿ ಅದನ್ನು ಅರ್ಧ ಗಂಟೆ ನಡೆಸುತ್ತಾಳೆ; ಬರೀ ನಡಿಗೆ. ನಿಂತಾಗ ನಿಮಿಷಕ್ಕೆ ೨೮ರಿಂದ ೪೪ರಷ್ಟು ಮಾತ್ರ ಮಿಡಿಯುವ ಕುದುರೆಯ ಹೃದಯ ಪೂರ್ಣವೇಗದಲ್ಲಿ ೨೦೦ನ್ನು ದಾಟುತ್ತದೆ. ಆ ವೇಗವನ್ನೇ ಬಾಳೆಂದು ತಿಳಿದ ಪ್ರಾಣಿಗೆ ನಿಧಾನದಲ್ಲಿಯೂ ನೆಮ್ಮದಿಯುಂಟೆಂದು ನಂಬಿಸುವುದು ವಾರಗಳ ಕೆಲಸವಲ್ಲ, ತಿಂಗಳುಗಳ ಕೆಲಸ.

ಗುರುವಾರ ಕೆಂಬಣ್ಣದ ಹೆಣ್ಣುಕುದುರೆ ಅಂಗಳಕ್ಕಿಳಿಯಿತು. ನೆಲದ ಮೇಲೆ ಸುಮಾರು ನಾಲ್ಕೂವರೆ ಅಡಿಗೊಂದರಂತೆ ಮರದ ಗಳುಗಳು. ಕುಕ್ಕುಲೋಟದಲ್ಲಿ ಅವನ್ನು ದಾಟಿದ ಮೇಲೆ ಒಂದು ತಗ್ಗಾದ ಬೇಲಿ, ಆಮೇಲೆ ಇನ್ನೊಂದು. ಒಂದು ಕಾಲದಲ್ಲಿ ಸವಾರರು ಬೇಲಿಯ ಮೇಲೆ ಹಾರುವಾಗ ಹಿಂದಕ್ಕೆ ಒರಗಿ ಲಗಾಮು ಜಗ್ಗುತ್ತಿದ್ದರು. ಕುದುರೆಯ ಬಾಯಿ ನೊಂದು ಸೊಂಟದ ಮೇಲೆ ಭಾರ ಬೀಳುತ್ತಿತ್ತು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ, ಕುದುರೆ ತಾನಾಗಿ ಹೇಗೆ ಹಾರುತ್ತದೆಂಬುದನ್ನು ಗಮನಿಸಿ, ಸವಾರನೇ ಮುಂದಕ್ಕೆ ಬಾಗಿ ಅದರ ಓಟಕ್ಕೆ ಒಪ್ಪಿ ನಡೆಯಬೇಕೆಂದು ಕಲಿಸಿದ. ೧೯೦೭ರಲ್ಲಿ ಅವನು ತೀರಿಕೊಂಡ. ಅವನ ಆಸನ ಲೋಕವನ್ನೆಲ್ಲ ಗೆದ್ದಿತು. ಕುದುರೆ ಅಂದು ಆರು ಬೇಲಿಗಳನ್ನು ನಿರಾಯಾಸವಾಗಿ ದಾಟಿತು. ಇನ್ನೆರಡು ಸುತ್ತು ಹಾರಿಸುವ ಆಸೆ ತರುಣಿಗಾಯಿತು, ಹಾರಿಸಿಯೂಬಿಟ್ಟಳು.

ಶುಕ್ರವಾರ ಹೊರಸವಾರಿಯ ದಿನ. ಈಗಿನ ವಾಹನಸಂದಣಿಯಲ್ಲಿ ದಂಡಿನ ರಸ್ತೆಗಳಿಗೆ ಕುದುರೆಯನ್ನು ಇಳಿಸುವಂತಿಲ್ಲ. ಬೇಲಿಯ ಒಳಸುತ್ತಿನಲ್ಲೇ ಹೊರಸವಾರಿ ಮುಗಿಯಬೇಕು. ೧೮೯೬ರಲ್ಲಿ ನಾಲ್ಕನೆಯ ಹುಸಾರ್ ದಳದೊಂದಿಗೆ ಬೆಂಗಳೂರಿಗೆ ಬಂದ ತರುಣ ಅಧಿಕಾರಿ ವಿನ್ಸ್‌ಟನ್ ಚರ್ಚಿಲ್‌ಗೆ ಈ ತೊಂದರೆಯಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕವಾಯತು, ಆಮೇಲೆ ಲಾಯದ ಮೇಲ್ವಿಚಾರಣೆ, ಸಂಜೆ ಐದಕ್ಕೆ ಪೋಲೊ. ಎಂಟು, ಹತ್ತು, ಕೆಲವು ದಿನ ಹನ್ನೆರಡು ಚಕ್ಕರುಗಳವರೆಗೂ ಆಡುತ್ತಿದ್ದುದಾಗಿ ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂಬಯಿಯ ಹಡಗುಕಟ್ಟೆಯಲ್ಲಿ ಇಳಿಯುವಾಗಲೇ ಅವರ ಭುಜದ ಕೀಲು ತಪ್ಪಿತ್ತು. ಮುಂದೆ ಆ ತೋಳನ್ನು ಪಟ್ಟಿಯಿಂದ ಬಿಗಿದುಕೊಂಡೇ ಆಡಬೇಕಾಯಿತು. ಸವಾರ ತನ್ನ ನೋವನ್ನು ಬಿಗಿದುಕೊಂಡು ಆಡಬಹುದು, ಏಕೆಂದರೆ ಆ ನಿರ್ಧಾರ ಅವನದೇ. ಪೋಲೊದಲ್ಲಿ ಕುದುರೆಗೆ ಮಾತ್ರ ಆ ಶಿಕ್ಷೆಯಿಲ್ಲ. ಸಾಮಾನ್ಯವಾಗಿ ಒಂದು ಚಕ್ಕರು ಮುಗಿದೊಡನೆ ಕುದುರೆ ಬದಲಾಗುತ್ತದೆ.

ಶನಿವಾರದ ಬೆಳಗು ಮಕ್ಕಳದು. ಬಿಳಿಯ ಮುದಿ ಕುದುರೆಯ ಸುತ್ತ ಎಂಟು ಹತ್ತು ವರ್ಷದ ಹುಡುಗ ಹುಡುಗಿಯರ ಕಲರವ. ಕುದುರೆಗೆ ತನ್ನ ಸುತ್ತಲೂ ಹೆಚ್ಚುಕಡಮೆ ಎಲ್ಲವೂ ಕಾಣುತ್ತದೆ. ಹಣೆಯ ನೇರಕ್ಕೆ ತೀರ ಹತ್ತಿರವಿರುವುದು, ಬಾಲದ ಹಿಂದಿರುವುದು ಮಾತ್ರ ಕಾಣದು. ಹಿಂದಿನಿಂದ ಹೋಗಬಾರದೆಂದು ಹಿರಿಯರು ಹೇಳುವುದು ಅದಕ್ಕಾಗಿಯೇ. ಹುಡುಗಿಯರು ಕುದುರೆ ಏರುವುದೇ ಎಂದು ಮೂಗೆಳೆಯುವವರಿಗೆ ಒಂದು ಮಾತು ಹೇಳಬಹುದು. ಒಲಿಂಪಿಕ್ಸಿನ ಈ ಕ್ರೀಡೆಯಲ್ಲಿ ಗಂಡಸರು, ಹೆಂಗಸರು ಒಂದೇ ಕಣದಲ್ಲಿ ಸಮಾನವಾಗಿ ಸ್ಪರ್ಧಿಸುತ್ತಾರೆ. ೧೯೫೨ರ ಹೆಲ್ಸಿಂಕಿಯಲ್ಲಿ, ಹೆಂಗಸರಿಗೆ ಮೊದಲ ಬಾರಿ ಪ್ರವೇಶ ದೊರೆತಾಗ, ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನವಿಲ್ಲದಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿಪದಕ ಗೆದ್ದರು.

ಅಂದು ಸಂಜೆ ಬಿಸಿ ಬೂಸ ಕಲಸುತ್ತಿದ್ದ ಸೈಸ್ ಕೆಲಸ ಬಿಟ್ಟು ಕೆಂಬಣ್ಣದ ಕುದುರೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಚಳಿಯಲ್ಲಿ ಕುದುರೆ ನೀರು ಕುಡಿಯುವುದು ಕಡಿಮೆ. ಹೊಟ್ಟೆ ಕಟ್ಟಿದರೆ ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಉಪ್ಪು ಬೆರೆಸಿದ ನೀರುನೀರಾದ ಬೂಸ. ತರುಣಿ ಅದನ್ನೇ ಕೇಳಲು ಬಂದಳು.

"ಚಾಚಾ, ನೀರು ಕುಡಿದಿದೆಯೇ?"

"ನೀರು ಕುಡಿದಿದೆ, ಅಮ್ಮಾ. ಇಲ್ಲೊಮ್ಮೆ ಕೈಯಿಟ್ಟು ನೋಡಿ. ಆಮೇಲೆ ಆ ಕಾಲನ್ನೂ ಮುಟ್ಟಿ ನೋಡಿ."

ಎಡ ಮುಂಗಾಲಿನ ಹಿಂಬದಿ, ಮೊಣಕಾಲಿನ ಕೆಳಗೆ, ಬೆರಳಗಲದ ಜಾಗ ಬೆಚ್ಚಗಿತ್ತು. ಬಲಗಾಲು ತಣ್ಣಗಿತ್ತು. ಕುದುರೆ ಕುಂಟುತ್ತಿರಲಿಲ್ಲ. ಅಂಗಳದಲ್ಲಿ ಓಡಿಸಿ ನೋಡಿದರೂ ಹೆಜ್ಜೆ ಸಮವಾಗಿಯೇ ಬಿದ್ದಿತು.

"ನಾಳೆ ಒಂದೇ ದಿನ ಚಾಚಾ. ಮುಗಿದ ಮೇಲೆ ತಿಂಗಳು ಪೂರ್ತಿ ವಿಶ್ರಾಂತಿ ಕೊಡೋಣ."

"ಏರುವವರು ನೀವು, ನಿಮ್ಮ ಇಷ್ಟ. ಕುಂಟುವವರೆಗೆ ಕಾಯುವುದಾದರೆ ನಾನು ಕೈಯಿಟ್ಟು ನೋಡುವ ಅಗತ್ಯವೇನಿತ್ತು, ಅಮ್ಮಾ?"

ಮುದುಕನ ಮಾತಿನ ಹಿಂದೆ ಶರೀರಶಾಸ್ತ್ರವಿದೆ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಮಾಂಸಖಂಡಗಳಿಲ್ಲ; ಎಲುಬು ಮತ್ತು ಹುರಿಯಂತಹ ಸ್ನಾಯುರಜ್ಜುಗಳು ಮಾತ್ರ. ಬೇಲಿ ಹಾರಿ ನೆಲಕ್ಕಿಳಿಯುವಾಗ ಇಡೀ ದೇಹದ ಭಾರವನ್ನು ತಡೆಯುವುದು ಆ ಹುರಿಗಳೇ. ಅವುಗಳ ಎಳೆ ಹರಿಯತೊಡಗಿದಾಗ ಮೊದಲ ಸೂಚನೆ ಅನೇಕ ವೇಳೆ ಕುಂಟುವುದಲ್ಲ, ಸ್ವಲ್ಪ ಬಿಸಿ, ಸ್ವಲ್ಪ ಊತ. ಆ ಹಂತದಲ್ಲಿ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಗುಣವಾಗಬಹುದು. ನಿರ್ಲಕ್ಷಿಸಿ ಹಾರಿಸಿದರೆ, ಹರಿದ ಹುರಿ ಕೂಡಿಕೊಳ್ಳುವುದಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ. ಕೂಡಿದ ಮೇಲೂ ಮೊದಲಿನ ಸ್ಥಿತಿಸ್ಥಾಪಕತೆ ಬಾರದು. ಗುರುವಾರದ ಆ ಎರಡು ಹೆಚ್ಚಿನ ಸುತ್ತುಗಳು ತರುಣಿಯ ನೆನಪಿಗೆ ಬಂದವು.

ಬೆಂಗಳೂರಿನಲ್ಲೇ ಹುಟ್ಟಿದ ಫವಾದ್ ಮಿರ್ಜಾ ಈ ವಿದ್ಯೆಯಲ್ಲಿ ದೇಶಕ್ಕೆ ಕೀರ್ತಿ ತಂದವರು. ೨೦೧೮ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 'ಸೀನಿಯರ್ ಮೆಡಿಕಾಟ್' ಎಂಬ ಕುದುರೆಯ ಮೇಲೆ ಅವರು ಗೆದ್ದ ಬೆಳ್ಳಿ, ೧೯೮೨ರ ದೆಹಲಿ ಕೂಟದ ನಂತರ ಭಾರತಕ್ಕೆ ಅಶ್ವಾರೋಹಣದಲ್ಲಿ ದೊರೆತ ಮೊದಲ ವೈಯಕ್ತಿಕ ಪದಕ. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ 'ದಜಾರಾ' ಎಂಬ ಇನ್ನೊಂದು ಕುದುರೆಯನ್ನು ಮೊದಲು ಆರಿಸಿ, ಕೊನೆಯ ದಿನಗಳಲ್ಲಿ ಆ ಆಯ್ಕೆಯನ್ನು ಬದಲಿಸಿ ಹಳೆಯ ಸಂಗಾತಿಯನ್ನೇ ಏರಿ, ೨೩ನೆಯ ಸ್ಥಾನ ಪಡೆದರು. ಅವರ ಸ್ಪರ್ಧೆಗೆ ಮೂರು ಅಂಗಗಳುಂಟು: ಶಿಸ್ತಿನ ನಡೆ, ಬಯಲ ಓಟ, ಬೇಲಿಯ ನೆಗೆತ. ಬಯಲ ಓಟ ಮುಗಿದ ಮೇಲೆ, ಕೊನೆಯ ನೆಗೆತಕ್ಕೆ ಮುಂಚೆ, ತೀರ್ಪುಗಾರರೂ ಪಶುವೈದ್ಯರೂ ಪ್ರತಿಯೊಂದು ಕುದುರೆಯನ್ನು ಓಡಿಸಿ ಪರೀಕ್ಷಿಸುತ್ತಾರೆ. ಹೆಜ್ಜೆ ಸರಿಯಿಲ್ಲವೆಂದು ಕಂಡರೆ, ಅಂಕಪಟ್ಟಿಯಲ್ಲಿ ಮೊದಲನೆಯದಾಗಿದ್ದರೂ ಅದು ಹೊರಗೆ. ದೊಡ್ಡ ಕೂಟಗಳಲ್ಲಿ ಆ ಮಾತನ್ನು ಹೇಳುವುದಕ್ಕೆ ವೈದ್ಯರಿರುತ್ತಾರೆ. ಸಣ್ಣ ಲಾಯದಲ್ಲಿ, ಶನಿವಾರದ ಕತ್ತಲಲ್ಲಿ, ಸವಾರನೇ ಅದನ್ನು ತನಗೆ ತಾನು ಹೇಳಿಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ಸ್ಪರ್ಧೆಗೆ ಹೊರಟ ವಾಹನದಲ್ಲಿ ಹತ್ತಿದ್ದು ಕಂದು ಕುದುರೆ. ನೆಗೆತಕ್ಕೆ ಅದಿನ್ನೂ ಸಿದ್ಧವಾಗಿರಲಿಲ್ಲವಾದ್ದರಿಂದ, ಹೊಸ ಕುದುರೆಗಳಿಗೆಂದು ಇಟ್ಟಿದ್ದ ಸಾಮಾನ್ಯ ನಡೆಯ ಪರೀಕ್ಷೆಯಲ್ಲಿ ತರುಣಿ ಅದನ್ನು ನಡೆಸಿದಳು. ಧ್ವನಿವರ್ಧಕದ ಗದ್ದಲಕ್ಕೆ ಅದು ಒಮ್ಮೆ ಕಿವಿ ನಿಮಿರಿಸಿತು. ಅವಳು ಲಗಾಮು ಬಿಗಿಯಲಿಲ್ಲ, ಅದು ಓಡಲಿಲ್ಲ. ಬಹುಮಾನದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅತ್ತ ನೆಗೆತದ ಅಂಗಳದಲ್ಲಿ ಕೆಂಬಣ್ಣದ ಕುದುರೆ ಸುಲಭವಾಗಿ ದಾಟಬಹುದಾಗಿದ್ದ ಬೇಲಿಗಳನ್ನು ಬೇರೆಯವರು ದಾಟಿ, ಬಟ್ಟಲು ಹಿಡಿದು ಹೋದರು. ಅವಳು ಅದನ್ನು ನೋಡಿದಳು. ನೋಡಿ ನೋವುಪಡಲಿಲ್ಲವೆಂದು ಹೇಳುವಂತಿಲ್ಲ.

ಸಂಜೆ ಹಿಂದಿರುಗಿದಾಗ ಸೈಸ್ ಕೆಂಬಣ್ಣದ ಕುದುರೆಯ ಕಾಲಿಗೆ ಕೊಳವೆಯಿಂದ ತಣ್ಣೀರು ಬಿಡುತ್ತಿದ್ದ. ಚಳಿಗೆ ಅವನ ಬೆರಳುಗಳು ಸೆಟೆದಿದ್ದವು. ತರುಣಿ ಕೊಳವೆಯನ್ನು ತನ್ನ ಕೈಗೆ ತೆಗೆದುಕೊಂಡು, ಮತ್ತೊಂದು ಕೈಯನ್ನು ಆ ಕಾಲಿಗೆ ಒತ್ತಿ ನೋಡಿದಳು. ಬಿಸಿ ಇಳಿಯತೊಡಗಿತ್ತು. ಅವಳು ದಾಣಿಯ ಡಬ್ಬ ತೆರೆದು, ಮರುದಿನಕ್ಕೆ ನೆನೆಹಾಕಬೇಕಾದ ಹುರುಳಿಯನ್ನು ಅಳೆದಳು. ಮರುದಿನ ಸೋಮವಾರ, ಅಳತೆ ಎಂದಿನ ಅರ್ಧ.