ಆಲ್ಬಮ್ ನಿಮ್ಮದೇ ಇರಲಿ, ನಮ್ಮೂರ ಚಿತ್ರದ ಪ್ರತಿ ನಮಗೂ ಕೊಡಿ

ಜೇಬಿನಲ್ಲಿ 50 ರೂಪಾಯಿಯ ಹೊಸ ನೋಟಿದ್ದರೆ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥವಿದೆ, ನೆತ್ತಿ ಬೋಳು. 1856ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ! ಆಮೇಲೆ ಅದನ್ನು ತೆಗೆದುಹಾಕಿದರು. ಆಗಿನ ಫೋಟೊಗಳು ಉಳಿದಿದ್ದರಿಂದಲೇ ಆ ಗೋಪುರ ಹೇಗಿತ್ತೆಂದು ಇವತ್ತು ಕಣ್ಣಾರೆ ಕಾಣುತ್ತೇವೆ. 1983ರಲ್ಲಿ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ಎಂಬುದು ಗೊತ್ತಾಗುತ್ತದೆ.

ಬ್ರಿಟಿಷರ ಕಾಲದ ಇಂಥ ಆಲ್ಬಮ್‌ಗಳಿಗೆ ಇವತ್ತು ಒಳ್ಳೆಯ ಬೆಲೆ ಇದೆ. 1866ರಲ್ಲಿ ಧಾರವಾಡ, ಮೈಸೂರು ಸೀಮೆಯ ಕಟ್ಟಡಗಳ ಬಗ್ಗೆ ಲಂಡನ್ನಿನಲ್ಲಿ ಬಂದ ಪುಸ್ತಕದಲ್ಲಿ ಪಿಗೊ, ನೀಲ್, ಬಿಗ್ಸ್ ತೆಗೆದ ಫೋಟೊಗಳ ಪ್ರತಿಗಳನ್ನೇ ಅಂಟಿಸಿದ್ದರು. ಇಂಥವನ್ನು ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಜೋಪಾನ ಮಾಡದಿದ್ದರೆ ಎಷ್ಟೋ ಆಲ್ಬಮ್‌ಗಳು ಗೆದ್ದಲಿಗೆ ಹೋಗುತ್ತಿದ್ದವು.

ಸಿಟ್ಟು ಬರುವುದು ಆಲ್ಬಮ್ ಹರಿದು ಹಾಳೆ ಹಾಳೆಯಾಗಿ ಮಾರುವವರ ಮೇಲೆ. ಬಿಡಿಯಾಗಿ ಮಾರಿದರೆ ಕಾಸು ಜಾಸ್ತಿ. ಆದರೆ ಆಲ್ಬಮ್ಮಿಗೆ ಒಂದು ದಾರಿ ಇರುತ್ತದೆ. ಮೊದಲು ಕೋಟೆ, ಆಮೇಲೆ ಪೇಟೆ, ಕೆರೆ ಏರಿ, ಮುಂದಿನ ಊರು. ಅಂಚಿನಲ್ಲಿ ಯಾರೋ ಬರೆದ ಊರಿನ ಹೆಸರು. ಅದು ಕಿತ್ತುಹೋದರೆ ಉಳಿಯುವುದು 'ಹಳೇ ಕೆರೆ' ಎಂಬ ಅನಾಮಧೇಯ ಚಿತ್ರ. ಗೋಡೆಗೆ ಚೆಂದ, ಊರಿಗೆ ಉಪಯೋಗವಿಲ್ಲ.

ಇನ್ನೊಂದು ಮಾತು. ಈ ಫೋಟೊಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ನಮ್ಮವರನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ತೆಗೆದವರ ಹೆಸರಿದೆ, ನಿಂತವರದು ಇಲ್ಲ. ಅವರ ಹೆಸರು ಇನ್ನು ಸಿಗಲಾರದು. ಆದರೆ ಆ ಬಾವಿ, ಗುಡಿ, ಗುಡ್ಡಕ್ಕೆ ಜನ ಕರೆಯುವ ಹೆಸರು ಊರಿನ ಹಿರಿಯರಿಗೆ ಇನ್ನೂ ಗೊತ್ತು. ಅದನ್ನು ಹೇಳಬೇಕಾದರೆ ಅವರು ಚಿತ್ರ ನೋಡಬೇಕಲ್ಲ?

ಹಾಗಾಗಿ ಸಂಗ್ರಹಕಾರರಲ್ಲಿ ಕೇಳುವುದು ಇಷ್ಟೇ: ಮೂಲ ನಿಮ್ಮಲ್ಲಿರಲಿ, ಸ್ಕ್ಯಾನ್ ಮಾಡಿದ ಪ್ರತಿ ಆಯಾ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಬರಲಿ.

ನಮ್ಮ ಕೆಲಸವೂ ಇದೆ. ಅಟ್ಟದಲ್ಲೋ ಶಾಲೆಯ ಬೀರುವಿನಲ್ಲೋ ಹಳೆಯ ಆಲ್ಬಮ್ ಸಿಕ್ಕರೆ ಗುಜರಿಗೆ ಹಾಕಬೇಡಿ. ಅಂಟಿದ ಫೋಟೊ ಕೀಳಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊದಲ ಪುಟದಿಂದ ಕೊನೆಯವರೆಗೆ ಬರಹ ಸಮೇತ ಮೊಬೈಲಿನಲ್ಲಿ ಕ್ರಮವಾಗಿ ತೆಗೆದುಕೊಳ್ಳಿ. ಆಮೇಲೆ ಅಜ್ಜ ಅಜ್ಜಿಯರಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದಿಡಿ. ನಾಳೆ ಕೆರೆ ಒತ್ತುವರಿಯ ಮಾತು ಬಂದಾಗ, ಏರಿ ಎಲ್ಲಿತ್ತೆಂದು ತೋರಿಸಲು ಊರಿನ ಕೈಯಲ್ಲಿ ಒಂದು ಚಿತ್ರವಾದರೂ ಇರುತ್ತದೆ.