ಟಾಂಗಾ ಕುದುರೆಗೊಂದು ಚುಚ್ಚುಮದ್ದು
ದಸರಾ ಬಂತೆಂದರೆ ಮೈಸೂರಿನ ಟಾಂಗಾಗಳಿಗೆ ಬಣ್ಣ ಬೀಳುತ್ತದೆ, ಕುದುರೆಯ ನೆತ್ತಿಗೆ ಗರಿ ಏರುತ್ತದೆ. ಅದಕ್ಕೆ ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ಕೇಳುವ ಸವಾರಿಗರು ಮಾತ್ರ ಸಿಗುವುದಿಲ್ಲ. ಕೇಳಬೇಕಿತ್ತು. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ರೋಗಾಣು ಮಣ್ಣಿನಲ್ಲಿದೆ, ಲದ್ದಿಯಲ್ಲಿದೆ. ಲಾಳ ಹೊಡೆಯುವಾಗ ಮೊಳೆ ತುಸು ದಾರಿ ತಪ್ಪಿ ಗೊರಸಿನ ಒಳಮಾಂಸ ಮುಟ್ಟಿದರೂ ಸಾಕು. ದವಡೆ ಬಿಗಿಯುತ್ತದೆ, ಕಣ್ಣಿನ ಮೂಲೆಯ ಮೂರನೆಯ ರೆಪ್ಪೆ ಮುಂದೆ ಸರಿಯುತ್ತದೆ, ಕಾಲು ಸೆಟೆದು ನಿಲ್ಲುತ್ತದೆ. ಆ ಹಂತದಲ್ಲಿ ಬದುಕುಳಿಯುವುದು ಕಷ್ಟ. ತಡೆಯುವ ಕ್ರಮವೋ ತೀರಾ ಸರಳ: 4ರಿಂದ 6 ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು. ಕುದುರೆ ಫ್ಲೂಗೂ ಲಸಿಕೆಯಿದೆ, 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಆ ಕಾಯಿಲೆ ಹಲವು ರಾಜ್ಯಗಳಿಗೆ ಹಬ್ಬಿತ್ತು. ಗ್ಲ್ಯಾಂಡರ್ಸ್ ಎಂಬ ಇನ್ನೊಂದು ಕುದುರೆ ರೋಗಕ್ಕೆ ಲಸಿಕೆಯೂ ಇಲ್ಲ: ಪರೀಕ್ಷೆಯಲ್ಲಿ ಸೋಂಕು ಖಚಿತವಾದರೆ ದಯಾಮರಣವೇ, ಏಕೆಂದರೆ ಅದು ಮನುಷ್ಯರಿಗೂ ಅಂಟುತ್ತದೆ. ರೇಸ್ ಕುದುರೆಗೆ ಇದನ್ನೆಲ್ಲ ನೋಡಿಕೊಳ್ಳಲು ವೈದ್ಯರ ಪಡೆಯೇ ಇರುತ್ತದೆ. ದಿನಗೂಲಿಯಂತೆ ದುಡಿಯುವ ಟಾಂಗಾದವರು ಒಂದು ದಿನದ ಸಂಪಾದನೆ ಬಿಟ್ಟು ಆಸ್ಪತ್ರೆಗೆ ಬರಲಿ ಎನ್ನುವುದಕ್ಕಿಂತ, ವರ್ಷಕ್ಕೊಮ್ಮೆ ಪಶುವೈದ್ಯರೇ ಟಾಂಗಾ ನಿಲ್ದಾಣಕ್ಕೆ ಹೋಗುವುದು ನ್ಯಾಯ. ಹೋದಾಗ ಬಾಯಿಯನ್ನೂ ತೆರೆಸಿ ನೋಡಲಿ: ನೆನೆಸಿದ ಹುರುಳಿ ಅರ್ಧ ಅಗಿದು ಕೆಳಗುದುರುತ್ತಿದ್ದರೆ, ಚೂಪಾದ ದವಡೆಹಲ್ಲನ್ನು ಅರದಿಂದ ಉಜ್ಜಬೇಕಾಗಿರಬಹುದು.