ಪಕ್ಕದ ಗುಂಡಿ, ನಮ್ಮ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಕಟ್ಟುವವನ ಬವಣೆಯನ್ನು ಕಂಡು. ಪಕ್ಕದ ಸೈಟಿನಲ್ಲಿ ಇನ್ನೊಬ್ಬನು ಕಟ್ಟಿಸುವಾಗ ಅದರ ಧೂಳು ತಿಂದು, ಅದರ ಸದ್ದು ಕೇಳಿ, ಅದರ ಗುಂಡಿಯ ಅಂಚಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಬಾಳಬೇಕಾದವನ ಬವಣೆಗೆ ಗಾದೆಯೊಂದೂ ಹುಟ್ಟಿದಂತಿಲ್ಲ. ಇಂದು ದಾವಣಗೆರೆಯ ಹಳೆಯ ಓಣಿಗಳ ದುಡಿಯುವ ಜನರಿಗೆ ಬಂದೊದಗಿರುವುದು ಈ ಎರಡನೆಯ ಬವಣೆ.

ಈ ಊರನ್ನು ಬೆಳೆಸಿದ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಸುತ್ತ ಬೆಳೆದ ಓಣಿಗಳು ಮಾತ್ರ ಉಳಿದಿವೆ. ಹೆಂಚಿನ ಮನೆ, ಮಾಳಿಗೆ ಮನೆ, ಒಂದೇ ಗೋಡೆಯನ್ನು ಎರಡು ಸಂಸಾರಗಳು ಹಂಚಿಕೊಂಡ ಮನೆ. ಇವುಗಳಲ್ಲಿ ನೂಲಿನ ಗಿರಣಿಗೆ, ಅಕ್ಕಿ ಗಿರಣಿಗೆ, ಮಂಡಕ್ಕಿ ಭಟ್ಟಿಗೆ ಹೋಗುವವರು ಇದ್ದಾರೆ. ಮುಂಬಾಗಿಲಲ್ಲಿ ಕಿರಾಣಿಯನ್ನೋ ಟೈಲರಿಂಗನ್ನೋ ಇಟ್ಟುಕೊಂಡವರು ಇದ್ದಾರೆ. ಇಂಥ ಸಾಲಿನ ನಡುವೆ ಒಂದು ಹಳೆಯ ಮನೆ ಮಾರಾಟವಾಗುತ್ತದೆ. ಮರುವಾರ ಜೆಸಿಬಿ ಬರುತ್ತದೆ. ಅಲ್ಲಿಂದ ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ, ಓಣಿಯ ಬದುಕು ಆ ಕಟ್ಟಡದ ಮರ್ಜಿಯಲ್ಲಿ ನಡೆಯಬೇಕು.

ನಾವು ಕಟ್ಟುವುದರ ವಿರೋಧಿಗಳಲ್ಲ. ಊರಿಗೆ ಜನ ಬರುತ್ತಿದ್ದಾರೆ, ಅವರಿಗೆ ಮನೆ ಬೇಕು. ಭೂಮಿ ಹಿಗ್ಗುವುದಿಲ್ಲವಾದ್ದರಿಂದ ಅಂತಸ್ತಿನ ಮೇಲೆ ಅಂತಸ್ತು ಏಳಲೇಬೇಕು. ನಮ್ಮವರೂ ಕಟ್ಟುತ್ತಾರೆ. ಪಿ.ಎಫ್. ಹಣದಲ್ಲಿ ಮುಂಗಡ ತೆಗೆದು, ಸೊಸೈಟಿ ಸಾಲಕ್ಕೆ ಜಾಮೀನು ಹುಡುಕಿ, ಸೋರುವ ಮಾಳಿಗೆಯನ್ನು ತೆಗೆಸಿ ಮೋಲ್ಡ್ ಹಾಕಿಸುವವರು, ಮಗಳು ದೊಡ್ಡವಳಾದಳೆಂದು ಹಿತ್ತಲಲ್ಲಿ ಬಚ್ಚಲುಮನೆ ಏರಿಸುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಈ ಚಿಕ್ಕ ಸುಧಾರಣೆಗಳೇ ಬಡವನ ಬಂಗಲೆ. ಆದರೆ ಇಲ್ಲೊಂದು ವಿಚಿತ್ರವಿದೆ. ಬಚ್ಚಲುಮನೆಗೆಂದು ತರಿಸಿದ ಅರ್ಧ ಲೋಡು ಎಂ-ಸ್ಯಾಂಡ್ ಬೀದಿಯಲ್ಲಿ ಎರಡು ದಿನ ಬಿದ್ದಿದ್ದರೆ ಪಾಲಿಕೆಯ ಸಿಬ್ಬಂದಿಗೆ ಅದು ಕೂಡಲೇ ಕಾಣುತ್ತದೆ. ದಂಡದ ಚೀಟಿ ಹರಿಯುತ್ತದೆ. ಅದೇ ಬೀದಿಯ ತುದಿಯಲ್ಲಿ ಆರು ತಿಂಗಳಿಂದ ಜಲ್ಲಿ, ಕಬ್ಬಿಣ, ಕಿತ್ತ ಮಣ್ಣು ಮುಕ್ಕಾಲು ರಸ್ತೆಯನ್ನು ನುಂಗಿದ್ದರೂ ಅವರ ಕಣ್ಣಿಗೆ ಪೊರೆ! ಸಣ್ಣದು ಕಂಡು ದೊಡ್ಡದು ಕಾಣದಿರುವ ಈ ದೃಷ್ಟಿದೋಷಕ್ಕೆ ಯಾವ ಆಸ್ಪತ್ರೆಯಲ್ಲಿ ಮದ್ದಿದೆಯೋ ತಿಳಿಯದು.

ಮೊದಲು ನಿದ್ರೆಯ ಮಾತು. ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಕೂಡದೆಂದು ಅವು ಹೇಳುತ್ತವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆ ಹೊತ್ತಿನಲ್ಲಿ ಸದ್ದು ಮಾಡುವ ಕಟ್ಟಡದ ಯಂತ್ರಗಳನ್ನು ವಸತಿ ಪ್ರದೇಶದಲ್ಲಿ ನಡೆಸಕೂಡದೆಂದು 2010ರ ತಿದ್ದುಪಡಿ ಸ್ಪಷ್ಟವಾಗಿ ತಡೆದಿದೆ. ಪಾಠ ಹೇಳಿದ ಹಳೆಯ ಚಾಳಿಯಿಂದ ಒಂದು ಲೆಕ್ಕವನ್ನೂ ಸೇರಿಸುತ್ತೇವೆ: ಡೆಸಿಬಲ್ಲಿನ ಅಳತೆ ಸೇರು-ಪಾವಿನಂತಲ್ಲ. ಅದು 10 ಏರಿದರೆ ಸದ್ದಿನ ಬಲ ಹತ್ತು ಪಟ್ಟಾಗುತ್ತದೆ, 20 ಏರಿದರೆ ನೂರು ಪಟ್ಟು. ಕಾಂಕ್ರೀಟು ಒಡೆಯುವ ಬ್ರೇಕರ್ ಯಂತ್ರದ ಹತ್ತಿರ 100ರ ಸುಮಾರಿನ ಸದ್ದು ಏಳುತ್ತದೆ. 55ಕ್ಕೂ 100ಕ್ಕೂ ಇರುವ ಅಂತರವನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ರಾತ್ರಿಯ ಈ ತಡೆ ಒಳ್ಳೆಯದೇ. ಆದರೆ ಅದನ್ನು ಬರೆದವರು ಯಾವತ್ತೂ ಮೂರನೆಯ ಪಾಳಿ ಮಾಡಿದವರಲ್ಲ. ರಾತ್ರಿಯೆಲ್ಲ ನೂಲಿನ ಯಂತ್ರದ ಮುಂದೆ ನಿಂತು, ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ರೊಟ್ಟಿ ತಿಂದು ತಲೆದಿಂಬಿಗೆ ತಲೆ ಕೊಡುವವನಿಗೆ ರಾತ್ರಿ ಯಾವುದು? ಅವನು ಕಣ್ಣು ಮುಚ್ಚುವ ಒಂಬತ್ತು ಗಂಟೆಗೆ ಸರಿಯಾಗಿ ಪಕ್ಕದ ಸೈಟಿನಲ್ಲಿ ಕಟಿಂಗ್ ಯಂತ್ರ ಬಾಯಿ ತೆರೆಯುತ್ತದೆ. ಕಾಯಿದೆಯ ರಾತ್ರಿ ಬೇರೆ, ನಮ್ಮವರ ರಾತ್ರಿ ಬೇರೆ. ನಿದ್ರೆಗೆಟ್ಟ ಕಣ್ಣಿನಿಂದ ಮತ್ತೆ ಪಾಳಿಗೆ ಹೋದವನ ಬೆರಳು ಯಂತ್ರಕ್ಕೆ ಸಿಕ್ಕರೆ, ಅಪಘಾತದ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆಯುತ್ತಾರೆ. ಪಕ್ಕದ ಮನೆಯ ಬ್ರೇಕರ್ ಯಂತ್ರದ ಹೆಸರು ಆ ವರದಿಯಲ್ಲಿ ಬರುವುದೇ ಇಲ್ಲ.

ಇದಕ್ಕೆ ಪರಿಹಾರವಿಲ್ಲವೆ? ಇದೆ. ಕಟ್ಟಡದ ಕೆಲಸವೆಲ್ಲ ಒಂದೇ ಬಗೆಯ ಸದ್ದಲ್ಲ. ಇಟ್ಟಿಗೆ ಕಟ್ಟುವುದು, ಗಾರೆ ಮೆತ್ತುವುದು, ಕಬ್ಬಿಣ ಬಿಗಿಯುವುದು, ಕ್ಯೂರಿಂಗಿಗೆ ನೀರು ಹಾಕುವುದು, ಇವುಗಳಿಂದ ಯಾರ ನಿದ್ರೆಯೂ ಕೆಡುವುದಿಲ್ಲ. ಕೆಡಿಸುವುದು ಬ್ರೇಕರ್, ಕಟಿಂಗ್ ಯಂತ್ರ, ಮಿಕ್ಸರ್, ಸೆಂಟ್ರಿಂಗ್ ಹಲಗೆ ಬಿಚ್ಚಿ ಮೇಲಿನಿಂದ ಎಸೆಯುವುದು. ಪಾಳಿ ಮಾಡುವವರು ಇರುವ ಓಣಿಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಸದ್ದಿಲ್ಲದ ಕೆಲಸ, ಎರಡರಿಂದ ಆರರವರೆಗೆ ಸದ್ದಿನ ಕೆಲಸ ಎಂದು ಹಂಚಿಕೊಂಡರೆ ಗುತ್ತಿಗೆದಾರನಿಗೆ ಒಂದು ದಿನವೂ ನಷ್ಟವಿಲ್ಲ. ಮೋಲ್ಡ್ ಹಾಕುವ ದಿನ ನಡುವೆ ನಿಲ್ಲಿಸಲಾಗದು, ಅದನ್ನು ನಾವು ಬಲ್ಲೆವು. ಅಂಥ ದಿನವನ್ನು ಮೂರು ದಿನ ಮೊದಲು ಓಣಿಗೆ ತಿಳಿಸಿದರೆ ಜನ ಸಹಿಸಿಕೊಳ್ಳುತ್ತಾರೆ, ಬಂಧುಗಳ ಮನೆಗಾದರೂ ಹೋಗಿ ಮಲಗುತ್ತಾರೆ. ಲೈಸೆನ್ಸು ಕೊಡುವಾಗಲೇ ಪಾಲಿಕೆ ಈ ಹೊತ್ತಿನ ಹಂಚಿಕೆಯನ್ನು ಷರತ್ತಾಗಿ ಬರೆಯಬೇಕು. ಇದು ನಮ್ಮ ಮೊದಲ ಬೇಡಿಕೆ.

ಧೂಳಿನ ಮಾತು ಅಂಗಡಿಯವರಿಗೆ ಹೆಚ್ಚು ತಿಳಿದದ್ದು. ಬೆಳಿಗ್ಗೆ ಒರೆಸಿದ ಗಾಜಿನ ಭರಣಿಯ ಮೇಲೆ ಹತ್ತು ಗಂಟೆಗೆ ಬೆರಳಿನಿಂದ ಹೆಸರು ಬರೆಯಬಹುದು. ಬಿಳಿಯ ಪಂಚೆ, ಮಂಡಕ್ಕಿ, ಮಿಠಾಯಿ ಮಾರುವವರ ಕಥೆ ಕೇಳುವುದೇ ಬೇಡ. ಜಲ್ಲಿಯ ರಾಶಿ ದಾಟಿ ಬರುವ ಗಿರಾಕಿ ಎಷ್ಟು ಜನ? ಕಟ್ಟಡ ಮುಗಿಯುವ ಹೊತ್ತಿಗೆ ಗಿರಾಕಿ ಬೇರೆ ಅಂಗಡಿಗೆ ಒಗ್ಗಿರುತ್ತಾನೆ. ಆ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ಕಟ್ಟಡದ ಖರ್ಚಿನಲ್ಲಿ ಬರೆಯುವುದಿಲ್ಲ. ಕಟ್ಟಿಸುವವನು ಉಳಿಸಿದ ಟಾರ್ಪಾಲಿನ ಬೆಲೆಯನ್ನು ಕಿರಾಣಿಯವನು ತೆರುತ್ತಿದ್ದಾನೆ.

ಇಲ್ಲಿಯೂ ಕಾಯಿದೆ ಇಲ್ಲದೆ ಇಲ್ಲ. ಗಾಳಿಯಲ್ಲಿ ಧೂಳಿನ ಪ್ರಮಾಣ ಮಿತಿ ಮೀರಿದ ಊರುಗಳಿಗೆಂದು ಕೇಂದ್ರ ಸರಕಾರ 2018ರ ಜನವರಿಯಲ್ಲಿ ಪರಿಸರ ನಿಯಮಗಳಿಗೆ ಕೆಲವು ವಿಧಿಗಳನ್ನು ಸೇರಿಸಿತು. ಕಟ್ಟಡ ಸಾಮಗ್ರಿಯನ್ನು ಬಯಲಲ್ಲಿ ಕತ್ತರಿಸಕೂಡದು, ಉಜ್ಜಕೂಡದು. ಸಾಮಗ್ರಿಯನ್ನಾಗಲಿ ಕೆಡವಿದ ಕಸವನ್ನಾಗಲಿ ರಸ್ತೆಯ ಬದಿಯಲ್ಲಿ ರಾಶಿ ಹಾಕಕೂಡದು. ಅವನ್ನು ಸಾಗಿಸುವ ಗಾಡಿಗೆ ಹೊದಿಕೆ ಇರಲೇಬೇಕು. ಮರುವರ್ಷ, 2019ರಲ್ಲಿ, ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂದಾಗ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ನಾಲ್ಕು ಹೆಸರುಗಳಿದ್ದವು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಾಲ್ಕನೆಯದು ನಮ್ಮ ದಾವಣಗೆರೆ. ದೊಡ್ಡ ಊರುಗಳ ಸಾಲಿನಲ್ಲಿ ಕೂರಬೇಕೆಂಬ ನಮ್ಮ ಮುಖಂಡರ ಹಂಬಲ ಹೀಗಾದರೂ ಈಡೇರಿತು! ರಸ್ತೆಬದಿಯ ಒಂದು ಜಲ್ಲಿ ರಾಶಿಯನ್ನು ಎತ್ತಿಸಲು ಹೊಸ ಯೋಜನೆ ಬೇಕಾಗಿಲ್ಲ, ಇರುವ ನಿಯಮವನ್ನು ಓದಬಲ್ಲ ಒಬ್ಬ ಅಧಿಕಾರಿ ಸಾಕು.

ಸದ್ದು ನಿಲ್ಲುತ್ತದೆ, ಧೂಳನ್ನು ಒರೆಸಬಹುದು. ಗೋಡೆ ಬಿರಿದರೆ? ನಮ್ಮ ಹಳೆಯ ಮನೆಗಳ ಪಾಯ ಎರಡು ಮೂರು ಅಡಿಯ ಕಲ್ಲಿನದು. ಪಕ್ಕದಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಗೆಂದು ಹತ್ತು ಹನ್ನೆರಡು ಅಡಿ ನೇರಕ್ಕೆ ಕಡಿದು, ಮಣ್ಣಿಗೆ ಹಲಗೆಯ ಆನಿಕೆಯನ್ನೂ ಕೊಡದೆ ಬಿಟ್ಟರೆ, ಮಳೆ ಬಂದ ದಿನ ಆ ಪಾಯದ ಕೆಳಗಿನ ಮಣ್ಣು ಗುಂಡಿಗೆ ಜಾರುತ್ತದೆ. ಗುಂಡಿಯ ನೀರನ್ನು ಪಂಪಿನಿಂದ ಎಳೆಯುವಾಗ ನುಣ್ಣನೆಯ ಮಣ್ಣೂ ಜೊತೆಗೆ ಹೋಗುತ್ತದೆ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕೇಳಲು ಹೋದರೆ ‘ನಿಮ್ಮದು ಹಳೇ ಮನೆ, ಮೊದಲೇ ಬಿರುಕಿತ್ತು’ ಎಂಬ ಉತ್ತರ.

ಹಳೆಯ ಮನೆ ಎಂಬುದೇ ನಮ್ಮ ಬಲವೆಂದು ತಿಳಿದವರು ಕಡಿಮೆ. 1882ರ ಈಸ್‌ಮೆಂಟ್ ಕಾಯಿದೆಯಂತೆ ಪ್ರತಿ ಭೂಮಿಗೂ ಪಕ್ಕದ ಭೂಮಿಯ ಮಣ್ಣಿನ ಆಸರೆ ಹುಟ್ಟಿನಿಂದ ಬಂದ ಹಕ್ಕು. ಅದರ ಮೇಲೆ ನಿಂತ ಮನೆ 20 ವರ್ಷ ತಕರಾರಿಲ್ಲದೆ ಆ ಆಸರೆಯನ್ನು ಹಕ್ಕಿನಂತೆ ಪಡೆದಿದ್ದರೆ ಮನೆಯ ಭಾರಕ್ಕೂ ಆ ಹಕ್ಕು ಬರುತ್ತದೆ. ತನ್ನ ಜಾಗದಲ್ಲಿ ಅಗೆಯಲು ಯಾರ ಅಪ್ಪಣೆ ಬೇಕು ಎಂದು ಎದೆಯುಬ್ಬಿಸುವವರಿಗೆ ಈ ಕಾಯಿದೆಯನ್ನು ತೋರಿಸಬೇಕು. ಆದರೆ ಹಕ್ಕಿಗೆ ಸಾಕ್ಷಿ ಬೇಕು. ಪಕ್ಕದಲ್ಲಿ ಮನೆ ಕೆಡವುತ್ತಾರೆಂದು ತಿಳಿದ ದಿನವೇ ನಿಮ್ಮ ಗೋಡೆಗಳ ಫೋಟೊ ತೆಗೆದಿಡಿ; ಆ ದಿನದ ಪತ್ರಿಕೆಯನ್ನು ಗೋಡೆಗೆ ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ಬಿರುಕು ಕಂಡರೆ ಅದಕ್ಕೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟು ಮೆತ್ತಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆದ ಗಾಜಿನ ಸಾಕ್ಷಿಯನ್ನು ಯಾವ ಇಂಜಿನಿಯರನೂ ತಳ್ಳಿಹಾಕಲಾರ. ಅಂಥ ದಿನ ಮಕ್ಕಳನ್ನು ಆ ಗೋಡೆಯ ಪಕ್ಕದಲ್ಲಿ ಮಲಗಿಸಬೇಡಿ.

ಇದು ಬರಿಯ ಭಯವಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕೆಲಸವೂ ನಡೆಯುತ್ತಿತ್ತು.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ನಿದ್ರೆಗೆಟ್ಟ ಕೋಪವೆಲ್ಲ ಮೊದಲು ಹರಿಯುವುದು ಗಾರೆ ಕೆಲಸದವರ ಮೇಲೆ. ಬುಟ್ಟಿ ಹೊರುವ ಹೆಂಗಸಿನ ಮೇಲೆ, ಯಂತ್ರ ಹಿಡಿದ ಹುಡುಗನ ಮೇಲೆ ಬಾಯಿ ಮಾಡುತ್ತೇವೆ. ಅವರು ಯಾರು? ರಾಯಚೂರು, ಯಾದಗಿರಿ ಕಡೆಯಿಂದ, ಬಿಹಾರ, ಒಡಿಶಾಗಳಿಂದ ಹೊಟ್ಟೆಪಾಡಿಗೆ ಬಂದವರು. ಅದೇ ಸೈಟಿನ ತಗಡಿನ ಶೆಡ್ಡಿನಲ್ಲಿ ಅವರ ಮಕ್ಕಳು ಮಲಗುತ್ತವೆ. ನಾವು ಕಿಟಕಿ ಮುಚ್ಚಿಕೊಳ್ಳುವ ಆ ಧೂಳನ್ನು ಅವರು ಮುಖಕ್ಕೆ ಹಿಡಿದುಕೊಂಡು ಕತ್ತರಿಸುತ್ತಾರೆ. ಕಲ್ಲಿನ ಆ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಸಿಲಿಕೋಸಿಸ್, ಅದಕ್ಕೆ ವಾಸಿಮಾಡುವ ಮದ್ದಿಲ್ಲ. ಇವರ ಕ್ಷೇಮಕ್ಕೆಂದು ಕಟ್ಟಡದ ವೆಚ್ಚದ ಮೇಲೆ ಕನಿಷ್ಠ ಶೇ. 1ರಷ್ಟು ಸುಂಕ ಎತ್ತುವ ಕಾಯಿದೆ 1996ರಲ್ಲಿ ಬಂತು. 2025ರ ನವೆಂಬರಿನಲ್ಲಿ ಹಳೆಯ ಕಾರ್ಮಿಕ ಕಾಯಿದೆಗಳು ಹೊಸ ಸಂಹಿತೆಗಳೊಳಗೆ ಸೇರಿದ ಮೇಲೂ ಆ ಸುಂಕ ಉಳಿದಿದೆ. ಅದರ ಪ್ರಯೋಜನ ಪಡೆಯಲು ಹೆಸರು ನೋಂದಾಯಿಸಿರಬೇಕೆಂಬುದೇ ಶೆಡ್ಡಿನಲ್ಲಿರುವ ಎಷ್ಟೋ ಜನರಿಗೆ ತಿಳಿಯದು. ಕತ್ತರಿಸುವಾಗ ನೀರು ಬಿಟ್ಟರೆ ನಮ್ಮ ಅಂಗಡಿಗೆ ಧೂಳಿಲ್ಲ, ಅವರ ಎದೆಗೂ ಇಲ್ಲ. ಗುಂಡಿಗೆ ಆನಿಕೆ ಕೊಟ್ಟರೆ ನಮ್ಮ ಗೋಡೆ ಉಳಿಯುತ್ತದೆ, ಅದರೊಳಗೆ ಇಳಿದವನ ಪ್ರಾಣವೂ ಉಳಿಯುತ್ತದೆ. ಜಗಳವಾಡಬೇಕಾದದ್ದು ಕಟ್ಟಿಸುವವನೊಡನೆ, ಲೈಸೆನ್ಸು ಕೊಟ್ಟು ತಿರುಗಿ ನೋಡದ ಪಾಲಿಕೆಯೊಡನೆ.

ನಮ್ಮ ಸ್ವಂತ ರಿಪೇರಿಯಲ್ಲಿಯೂ ಇದೇ ನಿಯಮ ನಡೆಯಲಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಕ್ಕದ ಮನೆಯವನು ಪಾಳಿ ಮುಗಿಸಿ ಮಲಗಿದ್ದಾಗ ಗೋಡೆಗೆ ಡ್ರಿಲ್ ಹಿಡಿಯುವವನು ಗಿರಣಿಯ ಕೆಲಸಗಾರನಾದರೂ ತಪ್ಪು ತಪ್ಪೇ.

ಇನ್ನು ಮಾಡುವುದೇನು? ಮಂಜೂರಾದ ನಕ್ಷೆಯ ಪ್ರತಿಯನ್ನು ಕಟ್ಟಡ ಮುಗಿಯುವವರೆಗೂ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಆಜ್ಞಾಪಿಸಿದೆ. ನಿಮ್ಮ ಓಣಿಯ ಕಟ್ಟಡದ ಮುಂದೆ ನಕ್ಷೆ ಇದೆಯೇ? ಇಲ್ಲದಿದ್ದರೆ ಮೊದಲ ಅರ್ಜಿ ಅದರ ಬಗ್ಗೆಯೇ ಆಗಲಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನಕ್ಷೆ ಕೇಳಬಹುದು, ಆದರೆ ಉತ್ತರಕ್ಕೆ 30 ದಿನದ ಗಡುವು. ಅಷ್ಟರಲ್ಲಿ ಗುಂಡಿ ತೋಡಿ ಮುಗಿದಿರುತ್ತದೆ. ಸದ್ದು ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ, ಇಲ್ಲವೇ ರಾತ್ರಿ ಯಂತ್ರ ನಡೆಸಿದರೆ, ಯಾರು ಬೇಕಾದರೂ ದೂರು ಕೊಡಬಹುದು. ಇದಕ್ಕೆ ಮನೆಯ ಯಜಮಾನನೇ ಆಗಬೇಕಿಲ್ಲ. ಬಾಡಿಗೆದಾರರು ‘ನಮಗೇಕೆ’ ಎಂದು ಸುಮ್ಮನಿರುವುದು ತರವಲ್ಲ; ನಿದ್ರೆ ಯಜಮಾನನದಲ್ಲ, ನಿಮ್ಮದು. ಗುಂಡಿಯಿಂದ, ಬೀಳುವಂತಿರುವ ಗೋಡೆಯಿಂದ ಓಣಿಗೇ ಅಪಾಯವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಂತೆ ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಕೊಡಬಹುದು. ಸಿವಿಲ್ ದಾವೆಯಂತೆ ವರ್ಷಗಟ್ಟಲೆ ವಕೀಲರ ಮನೆ ಸುತ್ತಬೇಕಾಗಿಲ್ಲ.

ಒಬ್ಬನೇ ಹೋದರೆ ‘ನಾಳೆ ಬಾ’ ಎನ್ನುವ ಕಚೇರಿ ಇಪ್ಪತ್ತು ಸಹಿಯ ಅರ್ಜಿಗೆ ಕುರ್ಚಿ ತೋರಿಸುತ್ತದೆ. ಆದ್ದರಿಂದ ಓಣಿಗೊಂದು ಸಮಿತಿ ಮಾಡಿಕೊಳ್ಳಿ. ಅದರಲ್ಲಿ ಒಬ್ಬ ಪಾಳಿಯವನು, ಒಬ್ಬ ಅಂಗಡಿಯವನು, ಒಬ್ಬ ಗೃಹಿಣಿ ಇರಲೇಬೇಕು, ಸಾಧ್ಯವಾದರೆ ಸೈಟಿನ ಮೇಸ್ತ್ರಿಯೊಬ್ಬನೂ ಇರಲಿ. ಹೊತ್ತಿನ ಹಂಚಿಕೆಯನ್ನು ಲೈಸೆನ್ಸಿನ ಷರತ್ತಾಗಿ ಸೇರಿಸಬೇಕೆಂಬ ಮನವಿಯನ್ನು ಪಾಲಿಕೆಯ ಆಯುಕ್ತರಿಗೆ ಸಲ್ಲಿಸಲು ನಾವು ಸಹಿ ಸಂಗ್ರಹ ಆರಂಭಿಸಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಪತ್ರಿಕೆಯ ಕಚೇರಿಯಲ್ಲಿ ಅರ್ಜಿ ಬರೆದುಕೊಡುವವರು ಇರುತ್ತಾರೆ, ಶುಲ್ಕವಿಲ್ಲ. ಬರುವಾಗ ಮನೆ ಕಂದಾಯದ ರಸೀದಿ, ಬಾಡಿಗೆಯವರಾದರೆ ಕರೆಂಟ್ ಬಿಲ್ಲು, ಗೋಡೆಯ ಫೋಟೊ, ರಾತ್ರಿ ಯಂತ್ರ ನಡೆದ ತಾರೀಖು ಮತ್ತು ಗಂಟೆ ಬರೆದ ಚೀಟಿ ತರಬೇಕು. ಮೂರನೆಯ ಪಾಳಿಯವರು ನಿದ್ರೆ ಮುಗಿಸಿ ಸಂಜೆ ಬಂದರೂ ಬಾಗಿಲು ತೆರೆದಿರುತ್ತದೆ.